ಒಂದೇ ಟಿಕೆಟ್ಟಿನ ಐದು ಹೆಸರು

2015ರ ಮಾರ್ಚ್ 14, ಶನಿವಾರ. ಸಂಜೆ 5 ಗಂಟೆ 10 ನಿಮಿಷಕ್ಕೆ ಮೂವರು ಹೆಂಗಸರು ಜರ್ಮನಿಯ ಸ್ಟ್ರೌಬಿಂಗ್ ಪೊಲೀಸ್ ಠಾಣೆಗೆ ಬಂದರು. ಮೂವರ ಕೈಯಲ್ಲೂ ದಂಡದ ಚೀಟಿ. ಟಿಕೆಟ್ ಇಲ್ಲದೆ ರೈಲು ಹತ್ತಿದ್ದಕ್ಕೆ ಹಾಕಿದ್ದು. ಪಾಳಿಯಲ್ಲಿದ್ದ ಕಾನ್‌ಸ್ಟೇಬಲ್ ಆಯ್ಲಿನ್ ಕರಾಜಾ, ದಂಡದ ತಕರಾರು ಇಲ್ಲಿ ನಡೆಯುವುದಿಲ್ಲ, ರೈಲ್ವೆ ಕಚೇರಿಗೆ ಹೋಗಿ ಎಂದಳು.

"ದಂಡದ ಮನೆ ಹಾಳಾಗ್ಲಿ," ಎಂದರು ಮುಂದೆ ನಿಂತಿದ್ದ ಗಾಲಿನಾ ವೆಬರ್. "ಟಿಕೆಟ್ ಇದ್ದಿದ್ದು ಟ್ರೌಡಿ ಹತ್ರ. ಆ ಟ್ರೌಡಿನೇ ಇಲ್ಲ."

ಕರಾಜಾ ಕುರ್ಚಿ ಕೊಟ್ಟು ಹೇಳಿಕೆ ಬರೆದುಕೊಂಡಳು. ವಾಲ್‌ಟ್ರೌಡ್ ಪೆಮ್ಸೆಲ್, 67 ವರ್ಷ, ನ್ಯೂರೆಂಬರ್ಗ್ ವಾಸಿ, ಗೆಳತಿಯರ ಬಾಯಲ್ಲಿ ಟ್ರೌಡಿ. ಐವರು ಹೆಂಗಸರು ಎರಡು ವಾರಕ್ಕೊಂದು ಶನಿವಾರ ನ್ಯೂರೆಂಬರ್ಗ್‌ನಿಂದ ಸ್ಟ್ರೌಬಿಂಗ್‌ಗೆ ಬರುತ್ತಿದ್ದರು. ಬವೇರಿಯಾ ರಾಜ್ಯದ ಒಂದು ದಿನದ ಪಾಸು ತೆಗೆದರೆ ಅದೇ ಒಂದರಲ್ಲಿ ಐದು ಜನ ಹೋಗಿ ಬರಬಹುದು. ಬೇಗ ಹೋಗುವ ದೊಡ್ಡ ರೈಲು ಹತ್ತುವಂತಿಲ್ಲ, ಐವರ ಹೆಸರನ್ನೂ ಪಾಸಿನ ಮೇಲೆ ಬರೆದಿರಬೇಕು, ಅಷ್ಟೇ. ಒಬ್ಬೊಬ್ಬರೇ ಟಿಕೆಟ್ ಕೊಂಡು ಬರುವ ಶಕ್ತಿ ಯಾರಿಗೂ ಇರಲಿಲ್ಲ. ಐವರಿಗೂ ಬೇಕಾದವರು ಸ್ಟ್ರೌಬಿಂಗ್ ಜೈಲಿನಲ್ಲಿದ್ದರು. ಗಾಲಿನಾಗೆ ಗಂಡ, ಟ್ರೌಡಿಗೆ ಮಗ.

ಅಂದು ಭೇಟಿ ಮುಗಿದದ್ದು ಒಂದೂವರೆಗೆ. ಟ್ರೌಡಿ ಎಂದಿನಂತೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬರುತ್ತೇನೆಂದು ಹೋದರು. ಉಳಿದವರೂ ಅವರವರ ಪಾಡಿಗೆ ಚದುರಿದರು; ಮೂರೂ ಕಾಲಿಗೆ ನಿಲ್ದಾಣದಲ್ಲಿ ಸೇರುವುದೆಂದು ಮಾತಾಗಿತ್ತು. ಅವರು ಕಾಣಲಿಲ್ಲ. ಮೊದಲೇ ಹತ್ತಿ ಸೀಟು ಹಿಡಿಯುವ ಅಭ್ಯಾಸ ಅವರಿಗಿದ್ದುದರಿಂದ ಉಳಿದ ನಾಲ್ವರು 3.32ರ ರೈಲು ಹತ್ತಿದರು. ಒಳಗೂ ಟ್ರೌಡಿ ಇರಲಿಲ್ಲ. ಅಷ್ಟರಲ್ಲಿ ತಪಾಸಣೆಯವನು ಬಂದ. ಮೂವರು ರೆಗೆನ್ಸ್‌ಬರ್ಗ್‌ನಲ್ಲಿಳಿದು ವಾಪಸು ಬಂದಿದ್ದರು. ನಾಲ್ಕನೆಯವರಾದ ರೋಸಿ ತಲೆಸುತ್ತು ಎಂದು ಊರಿಗೆ ಹೋದರಂತೆ.

ಭಾನುವಾರ ಬೆಳಿಗ್ಗೆ 8.20ಕ್ಕೆ ಊರಿಂದ ಮೂರು ಕಿಲೋಮೀಟರ್ ಕೆಳಗೆ, ಡ್ಯಾನ್ಯೂಬ್ ನದಿಗೆ ಬಾಗಿದ ಮರದ ಕೊಂಬೆಗಳ ನಡುವೆ ಮೀನು ಹಿಡಿಯುವವನೊಬ್ಬನಿಗೆ ಶವ ಸಿಕ್ಕಿತು. ಇನ್‌ಸ್ಪೆಕ್ಟರ್ ಲೊರೆನ್ಸ್ ಹುಫ್‌ನಾಗೆಲ್ ಸ್ಥಳದಲ್ಲೇ ಪಂಚನಾಮೆ ಮಾಡಿಸಿದರು. ಕೈಚೀಲ ಇನ್ನೂ ಹೆಗಲಿಗೇ ಸಿಕ್ಕಿಕೊಂಡಿತ್ತು. ಅದರಲ್ಲಿ ಕೀಲಿಗೊಂಚಲು, ಕನ್ನಡಕ, ಮಗನ ಫೋಟೋ, ನೆನೆದ ಪಾಸು. ಪಾಸಿನ ಮೇಲೆ ಬಾಲ್‌ಪೆನ್ನಿನಲ್ಲಿ ಐದು ಹೆಸರು, ಐದೂ ಬೇರೆ ಬೇರೆ ಕೈಬರಹ. ಕೊನೆಯದು: ರೋಸ್ವಿತಾ ಲಿಂಡ್ನರ್, ಗೆಳತಿಯರ ರೋಸಿ.

ಮರಣೋತ್ತರ ಪರೀಕ್ಷೆಯ ವರದಿ ಮಧ್ಯಾಹ್ನವೇ ಬಂತು. ಮುಳುಗಿ ಸಾವು. ಆದರೆ ಬಲಗೈಯ ಉಗುರುಗಳು ಮುರಿದಿದ್ದವು, ಸಂದಿಯಲ್ಲಿ ಪಾಚಿ ಸಿಕ್ಕಿತ್ತು. ಬೆರಳುಗಳ ಮೇಲ್ಭಾಗದಲ್ಲಿ ಅಡ್ಡಕ್ಕೆ ನೀಲಿಗಟ್ಟಿದ ಗುರುತು, ಅದರಲ್ಲಿ ಬೂಟಿನ ಅಟ್ಟೆಯ ಗೆರೆಗಳು.

"ನದಿ ದಂಡೆಯ ಮೆಟ್ಟಿಲು ಹಿಡ್ಕೊಂಡಿದ್ದಾರೆ," ಎಂದರು ಹುಫ್‌ನಾಗೆಲ್. "ಯಾರೋ ಆ ಕೈ ತುಳಿದಿದ್ದಾರೆ."

ಕೊಲೆ ಪ್ರಕರಣ ದಾಖಲಾಯಿತು. ಇನ್‌ಸ್ಪೆಕ್ಟರ್ ಆ ಮೂರು ದಂಡದ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಗಾಲಿನಾಗೆ ಫೋನ್ ಮಾಡಿದರು.

"ರೈಲು ಹತ್ತಿದ್ದು ಎಷ್ಟು ಜನ?"

"ನಾಲ್ಕು ಜನ."

"ದಂಡ ಬಿದ್ದಿದ್ದು ಮೂವರಿಗೆ."

"ರೋಸಿ ಹತ್ರ ಬೇರೆ ಟಿಕೆಟ್ ಇತ್ತು ಸಾರ್. ಟ್ರೌಡಿ ಬರ್ಲಿಲ್ಲ ಅಂತ ತಗೊಂಡಿರ್ಬೇಕು."

ತಪಾಸಣೆಯವನ ಯಂತ್ರದಲ್ಲಿ ಆ ಟಿಕೆಟ್ಟಿನ ದಾಖಲೆ ಉಳಿದಿತ್ತು. ನ್ಯೂರೆಂಬರ್ಗ್‌ಗೆ, ಒಬ್ಬರಿಗೆ, ಸ್ಟ್ರೌಬಿಂಗ್ ನಿಲ್ದಾಣದ ಯಂತ್ರದಿಂದ ಕೊಂಡದ್ದು. ಸಮಯ ಮಧ್ಯಾಹ್ನ 2 ಗಂಟೆ 47 ನಿಮಿಷ.

ಸಂಜೆ ಕರಾಜಾ ಜೈಲಿನ ಸಂದರ್ಶಕರ ಪುಸ್ತಕ ನೋಡಿ ಬಂದಳು. ರೋಸಿ ಗುಂಪಿಗೆ ಸೇರಿದ ಹದಿನಾಲ್ಕು ತಿಂಗಳಲ್ಲಿ ಲಿಂಡ್ನರ್ ಎಂಬ ಹೆಸರಿನ ಒಂದು ಭೇಟಿಯೂ ಅದರಲ್ಲಿರಲಿಲ್ಲ. ತಮ್ಮ ಒಳಗಿದ್ದಾನೆ ಎಂದು ರೋಸಿ ಗೆಳತಿಯರಿಗೆ ಹೇಳಿದ್ದರು. ಜೈಲಿನೆದುರಿನ ಬ್ರೆಡ್ ಅಂಗಡಿಯವಳಿಗೆ ಮಾತ್ರ ಆಕೆಯ ಗುರುತು ಚೆನ್ನಾಗಿತ್ತು. ಉಳಿದವರೆಲ್ಲ ಒಳಗೆ ಹೋದ ಮೇಲೆ ಈಕೆ ಹಿಂಬಾಗಿಲಿನ ಪಕ್ಕದ ಮೇಜಿನಲ್ಲಿ ಒಂದು ಕಾಫಿ ಇಟ್ಟುಕೊಂಡು ಕೂರುತ್ತಿದ್ದರು, ಹೊತ್ತಾದಾಗ ಎದ್ದು ಹೋಗಿ ಗೇಟಿನ ಹತ್ತಿರ ಗುಂಪಿಗೆ ಸೇರುತ್ತಿದ್ದರು.

ನ್ಯೂರೆಂಬರ್ಗ್ ನಗರದ ನಿವಾಸಿಗಳ ದಾಖಲೆಯಲ್ಲಿ ಉಳಿದದ್ದು ಸಿಕ್ಕಿತು. ಲಿಂಡ್ನರ್ ತವರಿನ ಹೆಸರು. ಪೂರ್ತಿ ಹೆಸರು ರೋಸ್ವಿತಾ ಅಮ್ಮೊನ್, 61 ವರ್ಷ, ಪೆನ್ಸಿಲ್ ಕಾರ್ಖಾನೆಯಿಂದ ನಿವೃತ್ತಿ, ಗಂಡ ತೀರಿಕೊಂಡಿದ್ದಾನೆ. ಕರಾಜಾ ಆ ಹೆಸರನ್ನು ಎರಡು ಸಲ ಓದಿದಳು. ಟ್ರೌಡಿಯ ಮಗ ಟೋರ್ಸ್ಟೆನ್‌ನ ಹಳೆಯ ಕಡತ ಮಧ್ಯಾಹ್ನದಿಂದ ಅವಳ ಮೇಜಿನ ಮೇಲೆಯೇ ಇತ್ತು. 2004ರಲ್ಲಿ ಅವನು ಕತ್ತು ಹಿಸುಕಿ ಕೊಂದ ಹತ್ತೊಂಬತ್ತು ವರ್ಷದ ಹುಡುಗಿಯ ಹೆಸರು ಯಾನಾ ಅಮ್ಮೊನ್.

ಮಾರ್ಚ್ 16, ಸೋಮವಾರ, ಬೆಳಿಗ್ಗೆ 11.20. ನ್ಯೂರೆಂಬರ್ಗ್‌ನ ಮೂರನೇ ಮಹಡಿಯ ಮನೆಯೊಂದರ ಗಂಟೆ ಒತ್ತಿದಾಗ ಕೂಡಲೇ ಬಾಗಿಲು ತೆರೆಯಿತು. ರೋಸ್ವಿತಾ ಏಪ್ರನ್ನಿಗೆ ಕೈ ಒರೆಸಿಕೊಂಡು ಹುಫ್‌ನಾಗೆಲ್, ಕರಾಜಾ ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿದರು.

"ನಿಮ್ಮ ತಮ್ಮನ ಹೆಸರೇನು?" ಎಂದರು ಹುಫ್‌ನಾಗೆಲ್.

ಆಕೆ ಮೇಜಿನ ಮೇಲಿನ ಆಲೂಗಡ್ಡೆ ಸಿಪ್ಪೆಗಳನ್ನು ಒಟ್ಟುಗೂಡಿಸಿದರು.

"ನಿಮಗೆ ತಮ್ಮ ಇಲ್ಲ, ಶ್ರೀಮತಿ ಅಮ್ಮೊನ್."

"ಇಲ್ಲ."

"ಶನಿವಾರ ಬೇರೆ ಟಿಕೆಟ್ ಯಾಕೆ ತಗೊಂಡ್ರಿ?"

"ಟ್ರೌಡಿ ಬರ್ಲಿಲ್ಲ. ಅದಕ್ಕೆ."

"ಎಷ್ಟು ಹೊತ್ತಿಗೆ ಸೇರೋದು ಅಂತಿತ್ತು?"

"ಮೂರೂ ಕಾಲಿಗೆ."

"ನೀವು ತಗೊಂಡಿದ್ದು ಎರಡು ನಲವತ್ತೇಳಕ್ಕೆ. ಅವರು ಬರಲ್ಲ ಅಂತ ಆಗ್ಲೇ ಹೇಗೆ ಗೊತ್ತಾಯ್ತು?"

ರೋಸ್ವಿತಾ ಎದ್ದು ಒಲೆ ಆರಿಸಿದರು. ಕುದಿಯುತ್ತಿದ್ದ ಆಲೂಗಡ್ಡೆಯ ಸದ್ದು ನಿಧಾನವಾಗಿ ನಿಂತಿತು.

"ಪಾಸು ಅವಳ ಚೀಲದಲ್ಲಿತ್ತು," ಎಂದರು. "ಚೀಲ ನೀರಲ್ಲಿತ್ತು."

ಬಾಗಿಲ ಹಿಂದೆ ಇಟ್ಟಿದ್ದ ಕಂದು ಬೂಟುಗಳನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು. ಅಟ್ಟೆಯ ಗೆರೆಗಳು ಶವದ ಬೆರಳುಗಳ ಫೋಟೋದ ಜೊತೆ ಹೊಂದಿದವು. 11.55ಕ್ಕೆ ಬಂಧನವಾಯಿತು. ಆಕೆ ಕೋಟು ಹಾಕಿಕೊಂಡು, ಅನಿಲ ಬಂದಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ಮೆಟ್ಟಿಲಿಳಿದರು.

ಹೇಳಿಕೆ ಬರೆದು ಮುಗಿಸಲು ಮೂರು ಗಂಟೆ ಹಿಡಿಯಿತು. ಕೊಲ್ಲಬೇಕೆಂದು ಗುಂಪಿಗೆ ಸೇರಿದ್ದಲ್ಲ ಎಂದರು ರೋಸ್ವಿತಾ. ಅಂಥ ಮಗನನ್ನು ಸಾಕಿದ ತಾಯಿ ಎಂಥವಳು ಎಂದು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು. ಆ ಮಗನ ವಿಚಾರಣೆಯ ದಿನಗಳಲ್ಲಿ ರೋಸ್ವಿತಾ ಆಸ್ಪತ್ರೆಯಲ್ಲಿದ್ದುದರಿಂದ ಟ್ರೌಡಿಗೆ ಆಕೆಯ ಮುಖ ಗೊತ್ತಿರಲಿಲ್ಲ. ಪಾಸಿಗೆ ಐದನೆಯವರು ಬೇಕೆಂದು ಟ್ರೌಡಿ ನ್ಯೂರೆಂಬರ್ಗ್ ನಿಲ್ದಾಣದಲ್ಲಿ ತಮ್ಮ ಹೆಸರು ಹಾಕಿ ಚೀಟಿ ಅಂಟಿಸಿದ್ದರು, ರೋಸ್ವಿತಾ ಹೋಗಿ ಸೇರಿದರು. ನೋಡಿದರೆ ಸಾಮಾನ್ಯ ಹೆಂಗಸು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದು ಸೊಂಟ ಬಿದ್ದುಹೋದವಳು. ರೈಲಿನಲ್ಲಿ ಬ್ರೆಡ್ಡು ಬಿಚ್ಚಿದರೆ ಮೊದಲ ತುಂಡು ರೋಸಿಗೆ. ಮಗಳು ಸತ್ತ ಮೇಲೆ ಊಟ ಮಾಡಿದೆಯಾ ಎಂದು ತನ್ನನ್ನು ಕೇಳಿದವಳು ಅವಳೊಬ್ಬಳೇ ಎಂದರು. ಶನಿವಾರ ಯಾವಾಗ ಬರುತ್ತದೋ ಎಂದು ಕಾಯುವಂತಾಗಿತ್ತು. ಅದಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಆ ಶನಿವಾರ ಟ್ರೌಡಿ ಜೈಲಿನಿಂದ ಕುಣಿದಾಡಿಕೊಂಡು ಬಂದಿದ್ದರು. ಈಸ್ಟರ್‌ಗೆ ಮೊದಲೇ ಮಗನ ಬಿಡುಗಡೆ. ಚರ್ಚಿನ ಬಾಗಿಲಲ್ಲಿ ಸಿಕ್ಕ ರೋಸಿಯನ್ನು ಕರೆದುಕೊಂಡು ನದಿಯ ಕಡೆ ನಡೆದರು. ಹಿಮ ಕರಗಿ ನೀರು ಮೇಲಿನ ಮೆಟ್ಟಿಲವರೆಗೂ ಬಂದಿತ್ತು. ಮಗ ಬಂದ ದಿನ ನೀನು ಊಟಕ್ಕೆ ಬರಲೇಬೇಕು ಎಂದರು.

"ಆಮೇಲೆ?" ಎಂದರು ಹುಫ್‌ನಾಗೆಲ್.

"ಆಮೇಲೆ ಹೇಳಿದ್ಲು, 'ಅವನ ಮನಸ್ಸು ಈಗ ಹಗುರಾಗಿದೆ ರೋಸಿ. ಆ ಹುಡುಗಿ ಮುಖ ನೆನಪಿಗೇ ಬರಲ್ವಂತೆ. ದೇವರು ಕಣ್ಬಿಟ್ಟ' ಅಂತ."

ರೋಸ್ವಿತಾ ಎರಡೂ ಕೈಯಿಂದ ತಳ್ಳಿದರು. ಟ್ರೌಡಿ ಮೆಟ್ಟಿಲಿನ ಅಂಚು ಹಿಡಿದುಕೊಂಡರು. ಕಾಲು ಜಾರಿ ಬಿದ್ದೆ ಎಂದೇ ಅವರು ತಿಳಿದಿದ್ದರು ಎಂದು ಕಾಣುತ್ತದೆ. ಕೈ ಕೊಡು ರೋಸಿ ಎಂದು ಎರಡು ಸಲ ಕೇಳಿದರಂತೆ.

ಸಂಜೆ 4.40ಕ್ಕೆ ಕರಾಜಾ ಹೇಳಿಕೆಯನ್ನು ಓದಿ ಹೇಳಿದಳು. ತಿದ್ದುವುದು, ಸೇರಿಸುವುದು ಏನಾದರೂ ಇದೆಯೇ ಎಂದು ಕೇಳಿದಳು. ರೋಸ್ವಿತಾ ಪೆನ್ನು ಕೈಗೆತ್ತಿಕೊಂಡರು.

"ಅವಳು ಕೆಟ್ಟವಳಲ್ಲ ಅಂತ ಒಂದು ಸಾಲು ಬರ್ಕೊಳಮ್ಮ," ಎಂದರು.

ಕರಾಜಾ ಬರೆದುಕೊಂಡಳು. ಅದರ ಕೆಳಗೆ ಆಕೆ ಸಹಿ ಮಾಡಿದರು.