ಒಂದು ಗೋಡೆ, ಐದು ಕೋಳಿ

ಈ ಬೀದಿಯಲ್ಲಿ ನಲವತ್ತು ಜೋಡಿಗಳನ್ನು ಒಂದುಗೂಡಿಸಿದವಳು ನಾನು. ಆಯಿತು, ಅರ್ಧ ಸುಳ್ಳು. ಇಪ್ಪತ್ತು ನನ್ನಿಂದ ಆದವು, ಇನ್ನಿಪ್ಪತ್ತು ನಾನು ಬೇಡ ಬೇಡ ಎಂದರೂ ಆದವು. ಈಗ ಹೇಳುವ ಜೋಡಿ ಅದರಲ್ಲೂ ಇಲ್ಲ, ಇದರಲ್ಲೂ ಇಲ್ಲ. ಇವರ ವಿಷಯದಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಬಾಯಿ ಮುಚ್ಚಿಕೊಂಡಿದ್ದು. ಹುಟ್ಟಿದಾಗಿನಿಂದ ಅದೊಂದೇ ಸಲ ಮುಚ್ಚಿದ್ದೆ, ಅದೂ ತಪ್ಪಾಯಿತು.

ನನ್ನ ಮಹಡಿಯ ಕಿಟಕಿಗೆ ಎರಡು ಹಿತ್ತಲು ಕಾಣುತ್ತವೆ. ನಡುವೆ ಎದೆಯೆತ್ತರದ ಇಟ್ಟಿಗೆ ಗೋಡೆ. ಈಚೆ ಹೊಲಿಗೆಯವಳು, ಅವಳ ತಾಯಿ, ಐದು ಕೋಳಿ. ಆಚೆ ಹೊಸದಾಗಿ ಬಾಡಿಗೆಗೆ ಬಂದ ಡ್ರೈವರ್, ಒಂಟಿ.

ಅವರಿಬ್ಬರು ಮೊದಲ ಸಲ ಎದುರಾಗಿದ್ದು ಬೆಳಿಗ್ಗೆ ಎಂಟಕ್ಕೆ, ಅವಳ ಹಿತ್ತಲ ಬಾಗಿಲಲ್ಲಿ. ಅವನ ಕಣ್ಣು ಕೆಂಡ, ತಲೆಕೂದಲು ಗುಡಿಸಲಿನ ಹುಲ್ಲು, ಕಂಕುಳಲ್ಲಿ ಕಂದು ಬಣ್ಣದ ಒಂದು ಕೋಳಿ.

"ಇದು ನಿಮ್ಮದಾ?"

"ಅದರ ಹೆಸರು ಜಗಳಗಂಟಿ. ಕೆಳಗಿಡಿ."

"ಹೆಸರು ಕೇಳಲಿಲ್ಲ. ಯಾರದು ಅಂತ ಕೇಳಿದೆ. ನನ್ನ ದಿಂಬಿನ ಮೇಲೆ ಕೂತಿತ್ತು. ಆ ದಿಂಬಿನ ಮೇಲೆ ನಾನೇ ಇನ್ನೂ ನೆಟ್ಟಗೆ ಮಲಗಿಲ್ಲ."

"ಹಗಲು ಹೊತ್ತಲ್ಲಿ ಯಾರು ಮಲಗ್ತಾರೆ?"

"ರಾತ್ರಿಯೆಲ್ಲ ಹೆಣ ಸಾಗಿಸೋರು."

ಆಸ್ಪತ್ರೆಯ ಶವದ ಗಾಡಿ ಓಡಿಸುವವನು ಎಂದು ಅವಳಿಗೆ ಆಗಲೇ ಗೊತ್ತಾಗಿದ್ದು.

ಅವನು ಧ್ವನಿ ಇಳಿಸಿದ. "ಮೊನ್ನೆ ಗಾಡಿ ಓಡಿಸ್ತಾ ಕಣ್ಣು ಎಳೀತು. ಹೋಗಿ ಕಂಬಕ್ಕೆ ಗುದ್ದಿದೆ. ಹಿಂದೆ ಮಲಗಿದ್ದ ಅಜ್ಜನಿಗೆ ಏನೂ ಆಗಲಿಲ್ಲ, ಆಗೋಕೆ ಏನೂ ಉಳಿದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವರ ಮಗಳ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಇನ್ನೊಂದು ಸಲ ಹಾಗಾದ್ರೆ ಕೆಲಸಾನೂ ಇಲ್ಲ, ನನ್ನ ಮುಖ ನಾನು ನೋಡ್ಕೊಳ್ಳೋಕೂ ಆಗಲ್ಲ. ಇವುಗಳ ಬಾಯಿ ಮುಚ್ಚಿಸಿ. ಇಲ್ಲಾಂದ್ರೆ ಒಂದಿನ ನಾನೇ ಕತ್ತು ಹಿಸುಕಿಬಿಡ್ತೀನಿ."

ಒಳಗಿನ ಮಂಚದಿಂದ ತಾಯಿಯ ಧ್ವನಿ ಬಂತು. "ಯಾರೇ ಮಗಾ ಅದು? ಜಗಳಗಂಟಿ ಇಷ್ಟು ಸುಮ್ಮನಿದ್ದಾಳೆ ಅಂದ್ರೆ ಒಳ್ಳೇ ಕೈಯಲ್ಲೇ ಇದ್ದಾಳೆ ಬಿಡು."

ಅವನು ಕೈಯಲ್ಲಿದ್ದ ಕೋಳಿಯನ್ನು ನೋಡಿಕೊಂಡ. ಅದು ನಿದ್ದೆ ಹೋಗಿತ್ತು. ಪಾಪ, ಅದಕ್ಕಾದರೂ ನಿದ್ದೆ ಬಂತು.

ಆ ತಾಯಿಗೆ ಕಣ್ಣು ಹೋಗಿ ಎರಡು ವರ್ಷ. ಕಾಲೂ ಬಿದ್ದುಹೋಗಿತ್ತು. ಮಂಚವೇ ಅವಳ ಊರು, ಹಿತ್ತಲ ಕಿಟಕಿಯೇ ಅವಳ ಗಡಿಯಾರ. ಕೋಳಿ ಮೊಟ್ಟೆಯಿಟ್ಟು ಕೂಗಿದರೆ ಬೆಳಗು, ಕಾಳಿಗೆ ಕಿತ್ತಾಡಿದರೆ ಮಧ್ಯಾಹ್ನ, ಗೂಡಲ್ಲಿ ಗುಸುಗುಸು ಎಂದರೆ ಸಂಜೆ. ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ ಎನ್ನುತ್ತಾರಲ್ಲ, ಆ ಮನೆಯಲ್ಲಿ ಆಗುತ್ತಿರಲಿಲ್ಲ.

'ಕೋಳಿ ಕೊಟ್ಟುಬಿಟ್ಟರೆ ಅಮ್ಮನಿಗೆ ಹಗಲೇ ಇಲ್ಲ. ಇಟ್ಟುಕೊಂಡರೆ ಈ ಮನುಷ್ಯ ಯಾವುದಾದರೂ ಕಂಬಕ್ಕೆ...' ಆ ದಿನ ಅವಳು ಹೊಲಿದ ಶಾಲೆಯ ಅಂಗಿಗೆ ತೋಳು ಉಲ್ಟಾ ಕೂತಿತ್ತು.

ಮೊದಲು ಐದನ್ನೂ ಗೂಡಲ್ಲಿ ಕೂಡಿಹಾಕಿ ನೋಡಿದಳು. ಕೂಡಿಹಾಕಿದ ಕೋಳಿ ಬಿಟ್ಟ ಕೋಳಿಗಿಂತ ಹತ್ತುಪಟ್ಟು ಅರಚುತ್ತದೆ. ಹೊಸದಾಗಿ ಅತ್ತೆಮನೆಗೆ ಹೋದಾಗ ನಾನೂ ಹಾಗೇ ಅರಚುತ್ತಿದ್ದೆ, ಏಳು ಬೀದಿಗೆ ಕೇಳುತ್ತಿತ್ತು.

ಕಡೆಗೆ ದಾರಿ ಹೇಳಿದವನು ಡ್ರೈವರೇ. "ಸಂಜೆ ನಾಲ್ಕಕ್ಕೆ ಎದ್ದಿರ್ತೀನಿ. ಆಗ ಎರಡೂ ಹಿತ್ತಲಿಗೆ ಬಿಡಿ, ಕತ್ತಲಾದ್ರೆ ತಾವೇ ಗೂಡು ಸೇರ್ತವೆ. ಕಾಲು ಸೋತರೆ ಬಾಯೂ ಸೋಲತ್ತೆ."

ಅವನೇ ಗೋಡೆಗೆ ಹಲಗೆ ಒರಗಿಸಿದ. ಜಗಳಗಂಟಿ ಮುಂದೆ, ದೊರೆಸಾನಿ ಅವಳ ಹಿಂದೆ, ಕುಂಟಿ ಎಲ್ಲರಿಗಿಂತ ಕೊನೆಗೆ. ಅವನು ಮೆಟ್ಟಿಲ ಮೇಲೆ ಕೂತು ಕಾವಲು. ಅವಳು ಹೊಲಿಗೆ ಮಷೀನನ್ನು ಹಿತ್ತಲ ಬಾಗಿಲಿಗೇ ಎಳೆದುಕೊಂಡಳು. ಬೆಳಕು ಚೆನ್ನಾಗಿದೆ ಎಂದು ಕಾರಣ ಕೊಟ್ಟಳು. ಯಾರೂ ಕೇಳಿರಲಿಲ್ಲ.

"ನಿಮಗೆ ಭಯ ಆಗಲ್ವಾ, ರಾತ್ರಿಯೆಲ್ಲ ಅವರ ಜೊತೆ?"

"ಅವರು ಏನೂ ಅನ್ನಲ್ಲ. ಬದುಕಿರೋರೇ ನನ್ನ ಕೈ ಮುಟ್ಟೋಕೆ ಹಿಂದೆ ಮುಂದೆ ನೋಡ್ತಾರೆ."

ಅವಳು ಕುಂಟಿಯನ್ನು ಎತ್ತಿ ಗೋಡೆಯ ಮೇಲಿಂದ ಅವನ ಕೈಗೆ ಕೊಟ್ಟಳು. ಕೊಡುವಾಗ ಅವಳ ಬೆರಳು ಅವನ ಬೆರಳ ಮೇಲೆ ಉಳಿಯಿತು. ಎಷ್ಟು ಹೊತ್ತು ಎನ್ನುತ್ತೀರಿ? ನಾನು ಒಂದು ಸೇರು ಅಕ್ಕಿ ಆರಿಸಿ ಮುಗಿಸಿದೆ.

ಸಂಜೆ ಸರಿಹೋಯಿತು, ಬೆಳಗು ಸರಿಹೋಗಲಿಲ್ಲ. ಮೊಟ್ಟೆಯಿಟ್ಟ ಕೋಳಿ ಊರಿಗೆಲ್ಲ ಸಾರಲೇಬೇಕು. ಅವನಿಗೆ ನಿದ್ದೆ ಬರುತ್ತಿರಲಿಲ್ಲ, ಆದರೂ ಬಾಯಿಬಿಡಲಿಲ್ಲ. 'ಹೇಳಿದರೆ ಕೋಳಿ ಕೊಟ್ಟುಬಿಡುತ್ತಾಳೆ. ಆ ಮುದುಕಿಯ ಗತಿ?' ಅವಳೂ ಕೇಳಲಿಲ್ಲ. ಅವನ ಕೆಂಪು ಕಣ್ಣೇ ಎಲ್ಲ ಹೇಳುತ್ತಿತ್ತು.

ಕತ್ತಲಿದ್ದರೆ ಕೋಳಿ ತೆಪ್ಪಗಿರುತ್ತದೆ. ಒಂದು ದಿನ ಬೆಳಕು ಹರಿಯುವ ಮುಂಚೆ ಅವಳು ಕರಿ ಲೈನಿಂಗ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಗೂಡಿನ ಮುಂದಿನ ಜಾಲರಿಗೆ ಬಿಗಿಯಾಗಿ ಕಟ್ಟಿದಳು. ಗೂಡು ತಗಡಿನದು, ಹಿಂಬದಿಗೆ ಮಾತ್ರ ತಗಡಿಲ್ಲ, ನಡುಗೋಡೆಯೇ. 'ಹತ್ತರವರೆಗೆ ಅವನು ಮಲಗಲಿ, ಅಮ್ಮನ ಬೆಳಗು ಸ್ವಲ್ಪ ತಡವಾದರೇನು. ಗಾಳಿಗೆ ಹಿಂದೆ ಗೋಡೆಯಲ್ಲಿ ತೂತಿದೆಯಲ್ಲ' ಎಂದುಕೊಂಡಳು. ಅವಳಪ್ಪ ಬದುಕಿದ್ದಾಗ ಅಲ್ಲಿ ಎರಡು ಇಟ್ಟಿಗೆ ತೆಗೆದಿದ್ದ.

ಅದೇ ಬೆಳಿಗ್ಗೆ ಅವನು ಪಾಳಿ ಮುಗಿಸಿ ಬಂದ. ಗಾಡಿಯ ಹಳೇ ಸೀಟಿನ ಸ್ಪಂಜು ತಂದಿದ್ದ. ತನ್ನ ಕಡೆಯಿಂದ ಆ ಎರಡು ತೂತಿಗೆ ಒತ್ತಿ ತುಂಬಿದ. 'ಸದ್ದು ಕಮ್ಮಿಯಾಗುತ್ತದೆ. ಗಾಳಿಗೆ ಮುಂದೆ ಜಾಲರಿ ಇದೆಯಲ್ಲ' ಎಂದುಕೊಂಡ.

ಎರಡನ್ನೂ ಕಂಡವಳು ನಾನೊಬ್ಬಳೇ. ಇವಳು ಅವನ ನಿದ್ದೆಗೆ, ಅವನು ಇವಳ ಕೋಳಿಗೆ, ಭಲೇ ಜೋಡಿ ಎಂದು ಕಿಟಕಿಯಲ್ಲಿ ನಕ್ಕೆ. ಎರಡೂ ಕಡೆ ಮುಚ್ಚಿದರೆ ನಡುವೆ ಇರುವುದು ಹೇಗೆ ಉಸಿರಾಡಬೇಕು? ನನ್ನ ಹಾಳು ತಲೆಗೆ ಹೊಳೆಯಲೇ ಇಲ್ಲ.

ಕಡು ಬೇಸಿಗೆ. ಹತ್ತು ಗಂಟೆಗೆ ಅವಳು ಬಟ್ಟೆ ಬಿಚ್ಚಿದಳು.

ದೊರೆಸಾನಿ ಸತ್ತಿದ್ದಳು. ಇನ್ನೂ ಎರಡು ಸತ್ತಿದ್ದವು. ಜಗಳಗಂಟಿ, ಕುಂಟಿ ಮೂಲೆಯಲ್ಲಿ ಕೊಕ್ಕು ತೆರೆದು ಬಿದ್ದಿದ್ದವು.

ಅವಳ ಚೀರಾಟಕ್ಕೆ ಅವನು ಎದ್ದು ಬಂದ. ತೂತಿದೆ, ಗಾಳಿ ಇದೆ, ಮತ್ತೆ ಹೇಗೆ ಸತ್ತವು? ಅವಳಿಗೆ ನೆನಪಾಗಿದ್ದು ಕತ್ತು ಹಿಸುಕುವ ಮಾತೊಂದೇ.

"ಏನು ಹಾಕಿದ್ರಿ ಇವಕ್ಕೆ?"

"ನಾನಾ? ನಾನು ಏನೂ..."

"ಹೆಣ ಸಾಗಿಸೋರಲ್ವಾ. ನಿಮಗೆ ಮೂರು ಹೆಚ್ಚಾದ್ರೆ ಏನಂತೆ."

ಆಡಿದ ಮಾತು, ಒಡೆದ ಮೊಟ್ಟೆ. ತನ್ನ ಹಿತ್ತಲಿಗೆ ಹೋದವನು ಗೋಡೆಯ ಮುಂದೆ ನಿಂತ. ಸ್ಪಂಜನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ಬಿಳಿ ಬಟ್ಟೆ ತಂದು ಮೂರನ್ನೂ ಸುತ್ತಿದ. ಮನುಷ್ಯರಿಗೆ ಮಡಿಸುವ ಹಾಗೇ ಮಡಿಸಿದ, ಮೊದಲು ಕಾಲ ಕಡೆ, ಕೊನೆಗೆ ಮುಖ. ಗುಂಡಿ ತೋಡಿ ಮುಚ್ಚಿ ಒಳಗೆ ಹೋದ.

ನಾನು ಇಳಿದುಹೋಗಿ ಹೇಳಬಹುದಿತ್ತು. ಹೇಳಿದರೆ ಇಬ್ಬರ ಎದೆಯೂ ಒಡೆಯುತ್ತದೆ ಎಂದು ಸುಮ್ಮನಾದೆ. ನಿಜ ಹೇಳಲೇ? ಕಂಡೂ ಸುಮ್ಮನಿದ್ದೆಯಾ ಮುದುಕಿ ಎನ್ನುತ್ತಾರೆಂದು ಹೆದರಿದೆ.

ಉಳಿದ ಎರಡು ಕೋಳಿ ಕೂಗುವುದನ್ನೇ ಬಿಟ್ಟವು.

"ಯಾಕೆ ಮಗಾ, ಯಾರೂ ಮಾತಾಡ್ತಿಲ್ಲ?" ತಾಯಿ ಕೇಳಿದಳು.

"ಬಿಸಿಲಿಗೆ ಮಂಕಾಗಿದಾವಮ್ಮ."

"ಐದೂ?"

"ಐದೂ."

"ಸುಳ್ಳು ಹೇಳೋದು ನಿಮ್ಮಪ್ಪನ ಹತ್ರ ಕಲಿತೆ. ಅವರಿಗೂ ಬರ್ತಿರಲಿಲ್ಲ."

ನಾಲ್ಕನೇ ದಿನ ಉರಿಬಿಸಿಲಲ್ಲಿ "ಇನ್ನೂ ಬೆಳಗಾಗಲಿಲ್ವಾ?" ಎಂದಳು. ಚಮಚ ಬಾಯಿಗೆ ತಂದರೆ ಮುಖ ತಿರುಗಿಸಿದಳು. "ಕತ್ತಲಲ್ಲಿ ಯಾರು ಉಣ್ತಾರೆ?"

ಹನ್ನೊಂದನೇ ದಿನ ಮಧ್ಯಾಹ್ನ ಆ ಗಡಿಯಾರದ ಹಿಂದೆಯೇ ತಾಯಿಯ ಉಸಿರೂ ನಿಂತುಹೋಯಿತು.

ಗಾಡಿಗಾಗಿ ಆಸ್ಪತ್ರೆಗೆ ಫೋನ್ ಮಾಡಿ ಮಂಚದ ಪಕ್ಕ ಕೂತವಳು ನಾನೇ. ಹಗಲು ಪಾಳಿಯವನು ರಜೆಯಲ್ಲಿದ್ದ. ಗಾಡಿ ತಂದವನು ಪಕ್ಕದ ಮನೆಯವನೇ. ನಲ್ಲಿಯಲ್ಲಿ ಕೈ ತೊಳೆದು ಬಂದ, ಹೊಸಿಲು ದಾಟಲಿಲ್ಲ.

"ಅಮ್ಮನ್ನ ಮುಟ್ಟೋ ಮುಂಚೆ ಈ ಕೈ ಎಂಥದು ಅಂತ ನಿಮಗೆ ಗೊತ್ತಿರಬೇಕು" ಎಂದ. "ನೀವು ಹೇಳಿದ್ದು ನಿಜ. ಕೊಂದಿದ್ದು ನಾನೇ. ವಿಷ ಹಾಕಲಿಲ್ಲ. ಗೋಡೆ ತೂತಿಗೆ ಸ್ಪಂಜು ತುಂಬಿದೆ. ಮುಂದೆ ಜಾಲರಿ ಇದೆ, ಸಾಕು ಅಂದ್ಕೊಂಡೆ. ನಾನು ಬೇಡ ಅಂದ್ರೆ ಬೇರೆಯವರನ್ನ ಕಳಿಸ್ತೀನಿ."

ಅವಳು ಗೋಡೆ ಹಿಡಿದುಕೊಂಡಳು. ತೂತು ಮುಚ್ಚಿತ್ತು... ಜಾಲರಿಗೆ ಬಟ್ಟೆ ಕಟ್ಟಿದ್ದು ಯಾರು?

'ಸುಮ್ಮನಿದ್ದುಬಿಡಲಾ? ಅವನೇ ಒಪ್ಪಿಕೊಂಡಿದ್ದಾನೆ. ನನಗೆ ಅಮ್ಮ ಹೋಗಿದ್ದೇ ಸಾಲದಾ, ಇದನ್ನೂ ಹೊರಬೇಕಾ?' ಅವಳ ಮುಖದಲ್ಲಿ ಅದು ಬಂದದ್ದೂ ಹೋದದ್ದೂ ನಾನು ಕಂಡೆ. ನನ್ನ ಬಾಯಿ ಆಗಲೂ ಏಳಲಿಲ್ಲ.

ಅವಳು ಒಳಗೆ ಹೋಗಿ ಮಷೀನಿನ ಕೆಳಗೆ ತುರುಕಿದ್ದ ಕರಿ ಬಟ್ಟೆ ತಂದಳು. ಅದಕ್ಕೆ ಇನ್ನೂ ಒಂದು ಪುಕ್ಕ ಅಂಟಿತ್ತು.

"ಅದೇ ಬೆಳಿಗ್ಗೆ ಜಾಲರಿಗೆ ಇದನ್ನ ಕಟ್ಟಿದ್ದೆ. ನಿಮಗೆ ನಿದ್ದೆ ಬರಲಿ ಅಂತ. ಹಿಂದೆ ತೂತಿದೆ ಅಂದ್ಕೊಂಡೆ."

ಅವನು ಬಟ್ಟೆಯನ್ನು ನೋಡಿದ, ಅವಳನ್ನು ನೋಡಿದ.

"ನನ್ನ ಪಾಲನ್ನೂ ನಿಮ್ಮ ತಲೆ ಮೇಲೆ ಹೊರಿಸಿದೆ" ಎಂದಳು. "ಆಡಬಾರದ ಮಾತಾಡಿದೆ."

"ಹೊರೋದು ನನಗೆ ಅಭ್ಯಾಸ."

"ಇನ್ಮೇಲೆ ಒಬ್ರೇ ಹೊರಬೇಡಿ. ತಲೆ ಕಡೆ ನೀವು ಹಿಡೀರಿ, ಕಾಲ ಕಡೆ ನಾನು ಹಿಡೀತೀನಿ. ಅಮ್ಮನಿಗೆ ನಿಮ್ಮ ಕೈ ಮೇಲೆ ನಂಬಿಕೆ ಇತ್ತು."

ಇಬ್ಬರೂ ಎತ್ತಿದರು. ಅವಳು ಮುಂದಿನ ಸೀಟಲ್ಲಿ ಅವನ ಪಕ್ಕ ಕೂತಳು. ಗಾಡಿ ಎಷ್ಟು ನಿಧಾನ ಹೋಯಿತೆಂದರೆ, ಈ ಹಾಳು ಮೊಣಕಾಲು ಹೊತ್ತು ನಡೆದ ನಾನು ಬೀದಿಯ ಕೊನೆಯವರೆಗೂ ಅದರ ಜೊತೆಗೇ ಇದ್ದೆ.

ಎರಡು ತಿಂಗಳು ಆ ಹಿತ್ತಲುಗಳಲ್ಲಿ ಮಾತಿರಲಿಲ್ಲ. ದುಃಖ ಎಂದರೆ ಹಾಗೆ, ಬೆಳಿಗ್ಗೆ ಎದ್ದು ಅದಕ್ಕೂ ಕಾಳು ಹಾಕಬೇಕು. ಅವಳು ಹೊಲಿದಳು. ಅವನು ಸಂಜೆ ಹಲಗೆ ಒರಗಿಸಿ ಎರಡು ಕೋಳಿಗಳನ್ನು ದಾಟಿಸಿಕೊಂಡ, ಕತ್ತಲಿಗೆ ಮುಂಚೆ ವಾಪಸು ದಾಟಿಸಿದ.

ಕಳೆದ ವಾರ ಗೋಡೆಯ ಆಚೆ ನಿಂತು ಅವನು ಹೇಳಿದ, "ಹಗಲು ಪಾಳಿ ಕೊಟ್ಟಿದ್ದಾರೆ. ಬೆಳಿಗ್ಗೆ ಎಷ್ಟು ಬೇಕಾದ್ರೂ ಕೂಗಲಿ ಇನ್ನು."

"ಕೂಗೋದನ್ನ ಮರೆತಿದಾವೆ."

"ಜಾಗ ಸಿಕ್ಕಿದ್ರೆ ನೆನಪಾಗತ್ತೆ." ಅವನು ಗೋಡೆಯನ್ನು ಸವರಿದ. "ಇದನ್ನ ಕೆಡವಿಬಿಡೋಣ್ವಾ? ಎರಡೂ ಹಿತ್ತಲು ಒಂದಾದ್ರೆ ಓಡಾಡೋಕೆ ಆಗತ್ತೆ."

"ಯಾರಿಗೆ? ಕೋಳಿಗಾ?"

ಅವನ ಕಿವಿ ಕೆಂಪಾಯಿತು. ಮಹಡಿಗೇ ಕಂಡಿತು ಎಂದರೆ ನೋಡಿ.

"ಕೋಳಿಗೆ ಮಾತ್ರ ಆದ್ರೆ ನಾಲ್ಕು ಇಟ್ಟಿಗೆ ತೆಗೆದ್ರೆ ಸಾಕಲ್ವಾ" ಎಂದಳು ಅವಳು. ಅಮ್ಮ ಹೋದಮೇಲೆ ಆ ತುಟಿ ನಗುವಿಗೆ ಅಲುಗಿದ್ದು ಅದೇ ಮೊದಲು.

ಅವನು ಅವಳ ಕಡೆ ಬಾಗಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು, ಬರುವಾಗ ಕೈಯಲ್ಲಿ ಅಪ್ಪನ ಸುತ್ತಿಗೆ ಇತ್ತು.

ಅವನು ಏನು ಹೇಳಿರಬಹುದು? ನೀವೇ ಹೇಳಿ ನೋಡೋಣ.