ಕೇಳದೇ ಹಾಕಿದ ಡಯೋಡ್

"ಬೇಡ! ಸಿಕ್ಕಿಸ್ಬೇಡಿ!"

ಇಡೀ ರಂಗಮಂದಿರ ತಿರುಗಿ ನೋಡಿತು. ಲೈಟ್ ಹಾಕುವವನು ಏಣಿಯಿಂದ ದುಡುದುಡನೆ ಇಳಿದು ಬಂದು ಅವಳ ಕೈಯಿಂದ ಅಡಾಪ್ಟರಿನ ಪಿನ್ ಕಿತ್ತುಕೊಂಡೇ ಬಿಟ್ಟ.

ನಾಟಕ ತಂಡ ಸೇರಿದ ಮೊದಲ ದಿನವೇ ಈ ಅವಮಾನ! ಅವಳ ಮುಂದಿದ್ದದ್ದು ತಾನೇ ಕೈಯಾರೆ ಬೆಸೆದು ಕಟ್ಟಿದ ಸಿಂಥಸೈಜರ್. ಗುಂಡಿ ತಿರುಗಿಸಿದರೆ ಗಾಳಿ, ಗುಡುಗು, ಡೋಲು, ರಾಗ ಎಲ್ಲ ಹೊರಡಿಸುವ ಪೆಟ್ಟಿಗೆ.

"ನನ್ನ ಪೆಟ್ಟಿಗೆ. ನನಗೆ ಗೊತ್ತು ರೀ!" ಎಂದವಳೇ, ಅವನು ಹೇಳಲು ಬಂದ ಮಾತನ್ನೂ ಕೇಳದೆ ಎದ್ದು ಹೋದಳು.

ಅಂದಿನಿಂದ ಅವನೊಂದಿಗೆ ಮಾತಿಲ್ಲ, ಕತೆಯಿಲ್ಲ. ಆದರೂ... ದೀಪ ಕಟ್ಟುವಾಗ ಅವನು ತನ್ನಷ್ಟಕ್ಕೆ ಗುನುಗುತ್ತಿದ್ದುದು ಅವಳ ಪೆಟ್ಟಿಗೆಯ ರಾಗವನ್ನೇ. ಅದು ಕಿವಿಗೆ ಬಿದ್ದಾಗಲೆಲ್ಲ ಅವಳ ಸಿಟ್ಟು ಒಂದಿಷ್ಟು ಕರಗುತ್ತಿತ್ತು. ಹಾಳಾದ ಮನಸ್ಸು!

ಪ್ರದರ್ಶನದ ದಿನ ಮಧ್ಯಾಹ್ನ ಕಡೆಯ ತಾಲೀಮು. ಡೋಲಿನ ಏಟು ಬಿದ್ದ ಕೂಡಲೇ ಪೆಟ್ಟಿಗೆ ಗಪ್ಪನೆ ಆರಿ, ಮತ್ತೆ ಮೊದಲಿನಿಂದ ಶುರುವಾಯಿತು. ಇನ್ನೊಮ್ಮೆ ಬಾರಿಸಿದರೂ ಅದೇ ಕತೆ.

"ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ರೆಕಾರ್ಡ್ ಮಾಡಿದ್ದನ್ನೇ ಹಾಕ್ತೀವಮ್ಮ," ಎಂದರು ನಿರ್ದೇಶಕರು. "ಆಮೇಲೆ ನಿನಗಿಲ್ಲಿ ಕೆಲಸ ಇರಲ್ಲ."

ಅವಳು ಪೆಟ್ಟಿಗೆಯ ಮುಚ್ಚಳ ತೆರೆದಳು. ಕರೆಂಟ್ ಒಳಬರುವ ದಾರಿಯಲ್ಲಿ ಅವಳು ಹಾಕಿರದ ಒಂದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ!

ಸೀದಾ ಲೈಟಿನವನ ಮುಂದೆ ಹೋಗಿ ನಿಂತಳು. "ಇದು ಯಾರ ಕೆಲಸ?"

"ನಂದೇ... ನಿನ್ನೆ ಹಾಕಿದೆ." ಅವನು ತಲೆ ತಗ್ಗಿಸಿದ.

"ಕೇಳದೇ ಯಾಕ್ರೀ ಮುಟ್ಟಿದ್ರಿ? ನನ್ನ ಮೇಲೆ ಅಷ್ಟು ದ್ವೇಷನಾ?"

ಅವನು ಎರಡು ಅಡಾಪ್ಟರ್ ತಂದು ಅವಳ ಕೈಗಿತ್ತ. ನೋಡಲು ಎರಡೂ ಒಂದೇ ಥರ. ಬೆನ್ನ ಮೇಲಿನ ಪುಟ್ಟ ಗುರುತು ಓದಿದಳು. ಅವಳದರಲ್ಲಿ ಪಿನ್ನಿನ ಒಳಭಾಗ ಪ್ಲಸ್, ತಂಡದಲ್ಲಿ ಕೀಬೋರ್ಡ್ ನುಡಿಸುವವರದರಲ್ಲಿ ಮೈನಸ್.

"ಮೊದಲ ದಿನ ನಿಮ್ಮ ಕೈಲಿದ್ದದ್ದು ಅವರದ್ದು. ಸಿಕ್ಕಿಸಿದ್ರೆ ಚಿಪ್ ಸುಟ್ಟೇ ಹೋಗ್ತಿತ್ತು. ನಿನ್ನೆ ಮತ್ತೆ ಅವಸರದಲ್ಲಿ ಅದನ್ನೇ ಎತ್ಕೊಂಡ್ರಿ, ನೀವು ಆಚೆ ತಿರುಗಿದಾಗ ನಾನೇ ಬದಲಾಯಿಸಿಟ್ಟೆ... ನಾನು ಯಾವಾಗ್ಲೂ ಪಕ್ಕದಲ್ಲಿ ಇರಲ್ವಲ್ಲ? ಉಲ್ಟಾ ಕರೆಂಟ್ ಬಂದ್ರೆ ತಡೀಲಿ ಅಂತ ಹಾಕ್ದೆ. ಅದೇ ಸ್ವಲ್ಪ ವೋಲ್ಟೇಜ್ ನುಂಗುತ್ತೆ ಅನ್ನೋದು ಹೊಳೀಲೇ ಇಲ್ಲ. ತಪ್ಪು ನಂದೇ."

ಅವಳ ಕಣ್ಣು ತುಂಬಿ ಬಂತು. ಹಗಲಿರುಳು ಕೂತು ಕಟ್ಟಿದ್ದನ್ನು ಉಳಿಸಿಕೊಟ್ಟವನ ಜೊತೆಗೇ ಇಷ್ಟು ದಿನ ಮುಖ ಊದಿಸಿಕೊಂಡಿದ್ದೆನಲ್ಲ!

"ಮೀಟರ್ ಹಿಡೀರಿ," ಎಂದಳು ಮೂಗೊರೆಸಿಕೊಂಡು.

ಐದು ವೋಲ್ಟ್ ಇರಬೇಕಾದಲ್ಲಿ, ಡೋಲು ಬಾರಿಸಿದಾಗ ನಾಲ್ಕಕ್ಕೆ ಕುಸಿದು ಪೆಟ್ಟಿಗೆ ಆರುತ್ತಿತ್ತು. ಅವಳು ಡಯೋಡನ್ನು ದಾರಿಯಿಂದ ಬಿಚ್ಚಿದಳು, ಆದರೆ ಎಸೆಯಲಿಲ್ಲ. ಮೊದಲೊಂದು ಫ್ಯೂಸ್ ಕೂರಿಸಿ, ಅದರ ಹಿಂದೆ ಪ್ಲಸ್ಸು ಮೈನಸ್ಸುಗಳ ನಡುವೆ ಡಯೋಡನ್ನು ಅಡ್ಡಲಾಗಿ ಬೆಸೆದಳು. ಇನ್ನು ಉಲ್ಟಾ ಬಂದರೂ ಸುಡುವುದು ಫ್ಯೂಸ್ ಮಾತ್ರ.

"ಹೀಗೆ ಹಾಕ್ಬೇಕಿತ್ತು ಸ್ವಾಮಿ!"

"ಹೇಳ್ಕೊಡೋಕೆ ನೀವು ಮಾತಾಡಿದ್ರೆ ತಾನೇ?"

ಇಬ್ಬರಿಗೂ ನಗು ಬಂತು.

ಸಂಜೆ ಡೋಲು ಮೊಳಗಿತು. ಪೆಟ್ಟಿಗೆ ಒಮ್ಮೆಯೂ ಆರಲಿಲ್ಲ. ಚಪ್ಪಾಳೆಯ ನಡುವೆ ನಿರ್ದೇಶಕರು, "ಮುಂದಿನ ನಾಟಕಕ್ಕೂ ನೀನೇ ಕಣಮ್ಮ," ಎಂದರು.

ಅವಳು ಓಡಿದ್ದು ದೀಪದ ಕೋಣೆಗೆ.

"ಥ್ಯಾಂಕ್ಸ್ ರೀ... ಪೆಟ್ಟಿಗೆ ಉಳಿಸಿದ್ದಕ್ಕೆ, ಬೈಸ್ಕೊಂಡೂ ಸುಮ್ಮನಿದ್ದಿದ್ದಕ್ಕೆ. ಈ ಋಣ ಹೇಗೆ ತೀರಿಸ್ಲಿ?"

"ಒಂದು ಪ್ರಶ್ನೆಗೆ ಉತ್ತರ ಕೊಡಿ, ಸಾಕು. ತಂಡದ ಹುಡುಗೀರೆಲ್ಲ ನನ್ನ 'ಅಣ್ಣಾ' ಅಂತಾರೆ. ನೀವು ಮಾತ್ರ ಒಂದ್ಸಲನೂ ಅನ್ನಲಿಲ್ಲ. ಯಾಕೆ?"

ಅವಳ ಮುಖ ಕೆಂಪೇರಿತು.

"ಬಾಯಿ ಬರ್ಲಿಲ್ಲ..." ಎಂದಳು ಮೆಲ್ಲಗೆ. "ಇನ್ಮೇಲೂ ಬರಲ್ಲ."

"ಅಬ್ಬಾ, ಬದುಕಿದೆ!" ಅವನು ಎದೆ ಮೇಲೆ ಕೈ ಇಟ್ಟುಕೊಂಡ. "ಎಲ್ಲಿ ಅಂದುಬಿಡ್ತೀರೋ ಅಂತ ದಿನಾ ಜೀವ ಕೈಲಿ ಹಿಡ್ಕೊಂಡಿದ್ದೆ."