ಭರ್ರ್ ಅಂದಿದ್ದು ಯಾರು?

"ನಾನಲ್ಲ! ನಾನೇನೂ ಮಾಡಿಲ್ಲ!" ಎಂದು ಅಮ್ಮ ಸ್ಟೇರಿಂಗ್ ಹಿಡಿದುಕೊಂಡೇ ಕೂಗಿದಳು.

ಕಾರು ಕೇಳಬೇಕಲ್ಲ! ಸಿಗ್ನಲ್ಲಿನಲ್ಲಿ ನಿಂತ ಜಾಗದಲ್ಲೇ ಭರ್ರ್ರ್ ಎಂದು ಅರಚಿತು. ಚಕ್ರ ಒಂದಿಂಚೂ ಉರುಳಲಿಲ್ಲ, ಸದ್ದು ಮಾತ್ರ ವಿಮಾನದ್ದು. ಪಕ್ಕದ ಸ್ಕೂಟರಿನವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಏನ್ ಮೇಡಂ, ರೇಸಾ? ನಾನು ರೆಡಿ!" ಎಂದ.

ಅಮ್ಮ ಗಾಬರಿಯಿಂದ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದಳು. ಸರಿಯಾಗಿ ಅದೇ ಹೊತ್ತಿಗೆ ಹಸಿರು ದೀಪ ಬಂತು. ಹಿಂದಿದ್ದವರೆಲ್ಲ ಹಾರ್ನ್ ಬಾರಿಸತೊಡಗಿದರು.

"ಅಮ್ಮಾ, ಆ ಬಸ್ಸಿನ ಡ್ರೈವರ್ ಕೈಯಾಡಿಸಿ ಏನೋ ಹೇಳ್ತಿದಾನೆ. ಬೈತಿದಾನೆ ಅನ್ಸತ್ತೆ" ಎಂದು ಹಿಂದಿನ ಸೀಟಿನಿಂದ ವರದಿ ಒಪ್ಪಿಸಿದಳು ಗಿಣಿ.

ಗಿಣಿಗೆ ಹತ್ತು ವರ್ಷ. ಅವಳ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದವರು ಟೀಚರ್ ಒಬ್ಬರೇ, ಅದೂ ಹಾಜರಿ ಕೂಗುವಾಗ. ಮಿಕ್ಕವರಿಗೆಲ್ಲ ಅವಳ ಬಾಯಿ ನೋಡಿದ ಮೇಲೆ ಬೇರೆ ಹೆಸರು ತೋಚುತ್ತಿರಲಿಲ್ಲ.

"ಗಿಣಿ, ಈಗ ಒಂದೈದು ನಿಮಿಷ ಸುಮ್ನಿರು" ಎಂದಳು ಅಮ್ಮ. ಅವಳ ದನಿ ಸಣ್ಣದಾಗಿತ್ತು.

ಕಾರು ಹಳೆಯದೇ, ಅಮ್ಮನ ತಮ್ಮ ಓಡಿಸುತ್ತಿದ್ದದ್ದು. ಆದರೆ ಇವರ ಮನೆಗೆ ಬಂದು ಎರಡೇ ತಿಂಗಳಾಗಿತ್ತು. ಅಮ್ಮ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೊದಲು ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕೂತು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದವಳು, ಡ್ರೈವಿಂಗ್ ಕಲಿತ ಮೇಲೆ ವಯಸ್ಸಾದವರ ಮನೆಗಳಿಗೇ ಹೋಗಿ ರಕ್ತದ ಸ್ಯಾಂಪಲ್ ತರುತ್ತಿದ್ದಳು. "ನನ್ನನ್ನ ಕಂಡ್ರೆ ಎಲ್ಲರೂ ತೋಳು ಮುಚ್ಕೋತಾರೆ, ಆಮೇಲೆ ಟೀ ಕೊಡ್ತಾರೆ" ಎಂದು ನಗುತ್ತಿದ್ದಳು. ಕಾರಿಗೆ ಈ ಕೂಗುಮಾರಿ ರೋಗ ಬಂದು ಹತ್ತು ದಿನ. ಅಂದಿನಿಂದ ಆ ನಗು ಕಡಿಮೆಯಾಗಿತ್ತು.

ಗ್ಯಾರೇಜಿಗೆ ಇದು ಮೂರನೇ ಸಲ.

"ಮತ್ತೆ ಕೂಗ್ತಾ?" ಎಂದು ಕೇಳುತ್ತ ಮೇಸ್ತ್ರಿ ಬಂದರು. ಕೇಳಿ ಮುಗಿಸುವಷ್ಟರಲ್ಲಿ ಆಕ್ಷೀ ಎಂದು ಸೀನಿದರು. ಧೂಳೆಂದರೆ ಅವರ ಮೂಗಿಗೆ ಆಗುತ್ತಿರಲಿಲ್ಲ. ಯಾವ ಕಾರು ಬಂದರೂ ಮೊದಲು ಒಳಗಿನ ಮ್ಯಾಟುಗಳನ್ನೆಲ್ಲ ತೆಗೆದು, ಗೋಡೆಗೆ ಬಡಿದು, ಬಿಸಿಲಿಗೆ ಸಾಲಾಗಿ ಒರಗಿಸಿಡುತ್ತಿದ್ದರು. ಆಮೇಲೆ ಕಾಲಡಿಗೆ ಪೇಪರ್ ಹಾಸಿಯೇ ಒಳಗೆ ಕೂರುತ್ತಿದ್ದರು.

ಮೇಸ್ತ್ರಿ ಬಾನೆಟ್ ಎತ್ತಿದರು. ಆಕ್ಸಿಲರೇಟರಿನ ಕೇಬಲ್ಲನ್ನು ಎಳೆದು ಬಿಟ್ಟರು. ಅದು ಟಕ್ಕನೆ ವಾಪಸ್ ಬಂತು.

"ಕೇಬಲ್ ಎಲ್ಲೂ ಸಿಕ್ಕಿಕೊಳ್ತಿಲ್ಲ. ಈಗ ಕ್ಲಚ್ ನೋಡೋಣ."

"ಕ್ಲಚ್ ಅಂದ್ರೆ?" ಗಿಣಿ ಕೇಳಿಯೇಬಿಟ್ಟಳು.

"ಎರಡೂ ಅಂಗೈ ಒತ್ತಿ ಹಿಡ್ಕೋ. ಒಂದು ಕೈ ಇಂಜಿನ್ನು, ಇನ್ನೊಂದು ಚಕ್ರದ ಕಡೇದು. ಒಂದು ತಿರುಗಿಸಿದ್ರೆ ಇನ್ನೊಂದೂ ತಿರುಗುತ್ತೆ ಅಲ್ವಾ? ಕ್ಲಚ್ ಒತ್ತಿದ್ರೆ ಕೈ ಬೇರೆಯಾಗುತ್ತೆ. ಇಂಜಿನ್‌ಗೆ ಎಳೆಯೋ ಕೆಲಸ ಇರಲ್ಲ. ಆಗ ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ರೂ ಸಾಕು, ಕೂಗಿ ಊರು ಸೇರಿಸುತ್ತೆ."

"ಕ್ಲಾಸಲ್ಲಿ ಮಿಸ್ ಇಲ್ದಿದ್ದಾಗ ನಾವು ಕೂಗಿದ ಹಾಗೆ!"

"ಹಾಗೇ ಅಂತಿಟ್ಕೋ."

ಅವರು ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರ್ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಕಾರು ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು.

"ಅಯ್ಯೋ, ಆಫ್ ಆಗೋಯ್ತು!"

"ಆಫ್ ಆಗಿದ್ದೇ ಒಳ್ಳೇದು ಪುಟ್ಟಾ. ಕ್ಲಚ್ ಪ್ಲೇಟ್ ಸವೆದಿದ್ರೆ ಜಾರಿಕೊಂಡು ಕೂಗ್ತಾನೇ ಇರ್ತಿತ್ತು."

ಆಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದರು. ಕಾರು ಬೆಕ್ಕಿನ ಹಾಗೆ ಗುರ್‌ಗುಟ್ಟುತ್ತಿತ್ತು, ಅಷ್ಟೇ.

ಇಳಿದ ಮೇಲೆ ಮೇಸ್ತ್ರಿ ಬಟ್ಟೆಯಿಂದ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಓಡಿಸಿದ್ರೆ ಏನೂ ಆಗಲ್ಲ, ನೀವು ಓಡಿಸಿದ್ರೆ ಕೂಗುತ್ತೆ. ಬ್ರೇಕ್ ಒತ್ತುವಾಗ ನಿಮ್ಮ ಕಾಲು ಪಕ್ಕದ ಪೆಡಲ್‌ಗೂ ತಾಗ್ತಿರಬಹುದು. ಹೊಸಬರಿಗೆ ಆಗುತ್ತೆ ಹಾಗೆ."

ಅಮ್ಮ ತನ್ನ ಕಾಲನ್ನು ನೋಡಿಕೊಂಡಳು. "ಇರಬಹುದು" ಎಂದಳು.

ಮೂಲೆಗೆ ಹೋಗಿ ಫೋನ್ ಹಚ್ಚಿದಳು. "ತಮ್ಮಾ, ಭಾನುವಾರ ಬಂದು ಕಾರು ತಗೊಂಡು ಹೋಗು. ಇಲ್ಲ ಕಣೋ, ಕಾರು ಸರಿಯಾಗೇ ಇದೆಯಂತೆ, ನನಗೇ ಬರಲ್ಲ. ನಾಳೆ ಲ್ಯಾಬಿನ ಡಾಕ್ಟರಿಗೆ ಹೇಳಿ ಮತ್ತೆ ಕೆಳಗಿನ ರೂಮಿಗೇ ಹೋಗ್ತೀನಿ."

ಗಿಣಿ ಹಳೇ ಟೈರಿನ ಮೇಲೆ ಕುಕ್ಕರಿಸಿದಳು. ಎದುರಿಗೆ ಗೋಡೆಗೆ ಒರಗಿದ ಮ್ಯಾಟುಗಳ ಸಾಲು. ಮೂರು ಕಪ್ಪು ರಬ್ಬರಿನವು. ನಾಲ್ಕನೆಯದು ಅವಳದೇ ಕೈಕೆಲಸ, ಹಳೇ ಕಾರ್ಪೆಟ್ಟನ್ನು ಕತ್ತರಿಸಿ ಮಾಡಿದ್ದ ದಪ್ಪನೆಯ ಕೆಂಪು ತುಂಡು. ಅದರ ಒಂದು ಮೂಲೆ ಮೇಲಕ್ಕೆ ಸುರುಳಿಕೊಂಡಿತ್ತು. ಸುರುಳಿಯ ಮೇಲೆ ಬೆರಳಗಲದ ಕಪ್ಪು ಗೆರೆ, ಏನೋ ಉಜ್ಜಿ ಉಜ್ಜಿ ಆದಂಥದ್ದು.

ಗಿಣಿ ಟೈರಿನಿಂದ ಎದ್ದು ನಿಂತಳು.

ಮೇಸ್ತ್ರಿ ಓಡಿಸುವಾಗ ಆ ಮ್ಯಾಟ್ ಗೋಡೆಯ ಹತ್ತಿರ ಇರುತ್ತಿತ್ತು. ಅಮ್ಮ ಓಡಿಸುವಾಗ ಅಮ್ಮನ ಕಾಲ ಕೆಳಗೆ!

ಹೇಳಿಬಿಡಬೇಕು. ಆದರೆ ಹೇಳಿದರೆ ಇನ್ನೊಂದೂ ಹೊರಗೆ ಬರುತ್ತದೆ. ಅದು ಹತ್ತು ದಿನದಿಂದ ಅವಳ ಹೊಟ್ಟೆಯಲ್ಲೇ ಕೂತಿತ್ತು. ಆ ಮ್ಯಾಟನ್ನು ಅಮ್ಮನಿಗೆ ಕೊಡುವಾಗ ಅವಳು, "ನಿನ್ನ ಕಾಲಿಗೆ ಮೆತ್ತಗಿರಲಿ ಅಂತ ಮಾಡಿದೆ" ಎಂದಿದ್ದಳು. ಅಮ್ಮ ಅವಳ ಕೆನ್ನೆ ಹಿಂಡಿ, ಲ್ಯಾಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದರ ಫೋಟೋ ತೋರಿಸಿದ್ದಳು.

ಅಮ್ಮ ಫೋನಿನಲ್ಲಿ, "ಬೇಗ ಬಾ, ಬೆಳಗ್ಗೇನೇ ಬಂದ್ಬಿಡು" ಎನ್ನುತ್ತಿದ್ದಳು.

"ಮೇಸ್ತ್ರೀ!" ಗಿಣಿಯ ದನಿ ಕೀರಲಾಗಿ ಬಂತು. "ಆ ಕೆಂಪು ಮ್ಯಾಟ್ ಹಾಕಿ ಓಡಿಸಿ ನೋಡಿ!"

"ಅದನ್ನಾ? ಅದರ ತುಂಬಾ ಧೂ... ಧೂ... ಆಕ್ಷೀ!"

ಆದರೂ ಹಾಕಿದರು. ಕೂತು, ಹಿಮ್ಮಡಿಯೂರಿ ಆಕ್ಸಿಲರೇಟರ್ ಒತ್ತಿದರು. ಮ್ಯಾಟ್ ಮುಂದಕ್ಕೆ ಜಾರಿತು. ಕಾಲು ತೆಗೆದರು. ಸುರುಳಿದ ಮೂಲೆ ಪೆಡಲಿನ ಮೇಲೆ ಹತ್ತಿ ಕೂತಿತ್ತು. ಕಾರು ಭರ್ರ್ರ್ ಎಂದಿತು.

ಮೇಸ್ತ್ರಿ ಇಂಜಿನ್ ನಿಲ್ಲಿಸಿ ಹಣೆ ಚಚ್ಚಿಕೊಂಡರು. "ಪ್ರತಿ ಸಲ ನಾನೇ ಇದನ್ನ ತೆಗೆದು, ಝಾಡಿಸಿ, ಹೋಗುವಾಗ ನೀಟಾಗಿ ಹಾಕಿ ಕಳಿಸಿದ್ದೀನಲ್ರೀ! ರೋಗ ಪ್ಯಾಕ್ ಮಾಡಿ ಕೊಟ್ಟ ಹಾಗಾಯ್ತು. ಯಾರ ತಲೆ ಇದು?"

ಅಮ್ಮ ಓಡಿ ಬಂದಳು. "ಏನೂ ಅನ್ಬೇಡಿ ಮೇಸ್ತ್ರೀ. ನನ್ನ ಮಗಳು ಪ್ರೀತಿಯಿಂದ ಮಾಡಿಕೊಟ್ಟಿದ್ದು ಅದು."

"ಪ್ರೀತಿಯಿಂದ ಅಲ್ಲ" ಎಂದಳು ಗಿಣಿ.

ಇಬ್ಬರೂ ಅವಳತ್ತ ತಿರುಗಿದರು.

"ಪ್ರೀತಿ ಇದೆ. ಆದ್ರೆ ಮ್ಯಾಟ್ ಅದಕ್ಕಲ್ಲ. ಡ್ರೈವರ್ ಸೀಟಲ್ಲಿ ಕೂತು ಪ್ರಾಜೆಕ್ಟ್ ಮಾಡ್ತಿದ್ದೆ. ನೀಲಿ ಪೇಂಟ್ ಚೆಲ್ಲಿಹೋಯ್ತು. ಅದನ್ನ ಮುಚ್ಚೋಕೆ..."

ಮೇಸ್ತ್ರಿ ಮ್ಯಾಟ್ ಎತ್ತಿ, ಕೆಳಗಿದ್ದ ಪೇಪರ್ ಸರಿಸಿದರು. ಅಂಗೈಯಗಲದ ನೀಲಿ ಕಲೆ ಹಾಯಾಗಿ ಮಲಗಿತ್ತು. "ಇದು ಪೇಂಟಾ? ನಾನು ಕಂಪನಿಯ ಡಿಸೈನ್ ಅಂದ್ಕೊಂಡಿದ್ದೆ!"

ಗಿಣಿ ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದಳು. ಅಮ್ಮ ಕಲೆಯ ಕಡೆ ನೋಡುತ್ತಲೇ ಇರಲಿಲ್ಲ.

"ಹಾಗಾದ್ರೆ ನನ್ನ ಕಾಲಲ್ವಾ?" ಎಂದು ಅವಳು ಮೇಸ್ತ್ರಿಯನ್ನು ಕೇಳಿದಳು.

"ಅಲ್ಲ ಮೇಡಂ. ತಪ್ಪು ತಿಳ್ಕೊಂಡೆ."

"ಅಲ್ವೇ ಅಲ್ವಾ?"

"ಅಲ್ವೇ ಅಲ್ಲ."

ಅಮ್ಮ ಮತ್ತೆ ಫೋನ್ ಹಚ್ಚಿದಳು. "ತಮ್ಮಾ, ಭಾನುವಾರ ಬರೋದೇನೋ ಬಾ, ಊಟ ಮಾಡ್ಕೊಂಡು ಬರಿಗೈಲಿ ಹೋಗು" ಎಂದು ಇಟ್ಟುಬಿಟ್ಟಳು. ಗಿಣಿಯ ಕಡೆ ಬೆರಳು ತೋರಿಸಿ, "ನೀಲಿ ಎಲ್ಲ ನೀನೇ ಉಜ್ಜಬೇಕು. ಸುಳ್ಳಿನ ವಿಷಯ ಮನೇಲಿ ಮಾತಾಡೋಣ" ಎಂದಳು.

ಕೆಂಪು ಮ್ಯಾಟ್ ಡಿಕ್ಕಿಗೆ ಹೋಯಿತು. ಅಮ್ಮ ಕಾರು ಹೊರಡಿಸಿದಳು. ಕ್ಲಚ್ ಒತ್ತಿದಾಗಲೆಲ್ಲ ಒಂದು ಕ್ಷಣ ಕಿವಿಗೊಟ್ಟಳು. ಕಾರು ಚಕಾರವೆತ್ತಲಿಲ್ಲ.

ಗಿಣಿಗೆ ಈಗ ನೆನಪಾಯಿತು. ಈ ವಾರವೆಲ್ಲ ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತ, ಬಲಗಾಲನ್ನು ಪೆಡಲ್ ಬದಲಿಸುವ ಹಾಗೆ ಎತ್ತಿ ಅತ್ತ ಇಡುವುದು, ಮತ್ತೆ ಎತ್ತಿ ಇತ್ತ ಇಡುವುದು ಮಾಡುತ್ತಿದ್ದಳು. ಜೋಮು ಹಿಡಿದಿರಬೇಕು ಎಂದುಕೊಂಡಿದ್ದಳು ಗಿಣಿ.

ಮನೆಯ ತಿರುವು ಬಂತು. ಅಮ್ಮ ತಿರುಗಿಸಲಿಲ್ಲ. ಮೂರನೇ ಗೇರಿಗೆ ಹಾಕಿ ನೇರ ಮುಂದಕ್ಕೆ ಹೋದಳು.

"ಅಮ್ಮಾ, ಮನೆ..." ಎನ್ನಲು ಗಿಣಿ ಬಾಯಿ ತೆರೆದಳು. ಮುಂದಿನ ಕನ್ನಡಿಯಲ್ಲಿ ಅಮ್ಮನ ನಗುವ ಕಣ್ಣು ಕಾಣಿಸಿತು. ಬಾಯಿ ಮುಚ್ಚಿಕೊಂಡು, ಬೆಲ್ಟ್ ಸರಿಮಾಡಿಕೊಂಡು, ಸೀಟಿಗೆ ಒರಗಿ ಕೂತಳು.